ಸ್ಕಾಲರ್‌ಶಿಪ್ ಬರೋದನ್ನು ಕಾಯ್ದು ಕೂರದೆ ಫೀಸ್ ಕಟ್ಟಿದ ಲೆಕ್ಕ: ನನ್ನ ಅನುಭವ

ನನ್ನ ಚಿಕ್ಕ ಮಗಳು ಮೈಸೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಮುಗಿಸುತ್ತಿದ್ದಾಳೆ. ಇಲ್ಲಿವರೆಗೆ ಅವಳ ಓದಿಗೆ ಗದ್ದೆ ಮಾರಿಲ್ಲ, ಒಡವೆ ಅಡ ಇಟ್ಟಿಲ್ಲ, ಕೈಸಾಲ ಒಂದು ರೂಪಾಯಿ ಮಾಡಿಲ್ಲ. ಬ್ಯಾಂಕ್ ಸಾಲದಲ್ಲಿ ಫೀಸ್ ಕಟ್ಟಿ, ಸ್ಕಾಲರ್‌ಶಿಪ್‌ನಲ್ಲಿ ಆ ಸಾಲ ತೀರಿಸ್ತೀನಿ ಅಂತ 2023ರಲ್ಲಿ ನನ್ನ ಲೆಕ್ಕ ಹೇಳಿದಾಗ ನಮ್ಮಣ್ಣ, "ಅವೆಲ್ಲ ಪೇಪರ್‌ನಲ್ಲಿ ಬರೋ ಮಾತು ಕಣೋ. ಅರ್ಧ ಎಕರೆ ಕೊಟ್ಟು ನೆಮ್ಮದಿಯಾಗಿರು" ಅಂದಿದ್ದರು. ಮಂಡ್ಯ ಕಡೆ ಕಬ್ಬು ನಂಬಿಕೊಂಡ ಮನೆಗಳಲ್ಲಿ ಮಕ್ಕಳ ಓದು ಅಂದ ತಕ್ಷಣ ಮೊದಲು ನೆನಪಾಗುವುದು ಜಮೀನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ರಾಜ್ಯದ ಎಸ್‌ಎಸ್‌ಪಿ, ಕೇಂದ್ರದ ಎನ್‌ಎಸ್‌ಪಿ, ವಿದ್ಯಾಭ್ಯಾಸದ ಸಾಲಕ್ಕೆ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ, ಈ ವೆಬ್‌ಸೈಟ್‌ಗಳ ಹೆಸರು ನೀವು ಕೇಳಿರಬಹುದು. ಅವುಗಳ ಬಗ್ಗೆ ಹೆಚ್ಚು ಹೇಳಲ್ಲ.

ದೊಡ್ಡ ಮಗಳ ಸರದಿಯಲ್ಲಿ ನಾನು ಸೋತಿದ್ದೆ. 2019ರಲ್ಲಿ ಅವಳಿಗೆ ಸಿಇಟಿಯಲ್ಲಿ ಸೀಟ್ ಸಿಕ್ಕಿತು. ಫೀಸ್ ತೊಂಬತ್ತು ಸಾವಿರದ ಹತ್ತಿರ. ಕಬ್ಬಿನ ದುಡ್ಡು 14 ದಿನದಲ್ಲಿ ಬರಬೇಕು ಅಂತ ಕಾನೂನಿದೆ, ಆದರೆ ನಮಗೆ ಬಂದಿರಲಿಲ್ಲ. ಕೊನೇ ದಿನಕ್ಕೆ ಮೂರು ರೂಪಾಯಿ ಬಡ್ಡಿಗೆ 80 ಸಾವಿರ ತಂದೆ. ತಿಂಗಳಿಗೆ 2,400. ಏಳು ತಿಂಗಳು ಕಟ್ಟಿದೆ. 16,800 ರೂಪಾಯಿ ಬರೀ ಬಡ್ಡಿಗೆ ಹೋಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಪ್ರಗತಿ ಸ್ಕಾಲರ್‌ಶಿಪ್‌ನದು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಹೆಣ್ಣುಮಕ್ಕಳಿಗೆ ಕೊಡುವ ಅದು ವರ್ಷಕ್ಕೆ 50 ಸಾವಿರ. ಮನೆಯ ಆದಾಯ 8 ಲಕ್ಷದ ಒಳಗಿರಬೇಕು. ಅರ್ಜಿ ಸರಿಯಾಗೇ ಹಾಕಿದ್ದೆವು. ಆದರೆ ಕಾಲೇಜಿನವರು ಆನ್‌ಲೈನ್‌ನಲ್ಲಿ ವೆರಿಫೈ ಮಾಡುವ ತಾರೀಖು ದಾಟಿಸಿಬಿಟ್ಟರು. ಮುಂದಿನ ವರ್ಷ ಹಾಕೋಣ ಅಂದುಕೊಂಡೆ. ಆದರೆ ಡಿಗ್ರಿಯ ಮೊದಲ ವರ್ಷಕ್ಕೆ ಸೇರಿದವರು ಆ ವರ್ಷವೇ ಹಾಕಬೇಕಂತೆ, ಆಮೇಲೆ ಇರುವುದು ರಿನ್ಯೂವಲ್ ಮಾತ್ರ. ನಾಲ್ಕು ವರ್ಷಕ್ಕೆ ಎರಡು ಲಕ್ಷ ಸಿಗುವ ದಾರಿ ಒಂದು ಕ್ಲಿಕ್ ಇಲ್ಲದೆ ಮುಚ್ಚಿಹೋಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

2021ರಲ್ಲಿ ರೈತರ ಮಕ್ಕಳಿಗೆ ರಾಜ್ಯ ಸರ್ಕಾರದ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಶುರುವಾಯಿತು. ಬಿಇ ಓದುವ ಹೆಣ್ಣುಮಕ್ಕಳಿಗೆ 11 ಸಾವಿರ. ರೈತರಿಗೆ ಕೊಡುವ ಗುರುತಿನ ಸಂಖ್ಯೆ ಎಫ್‌ಐಡಿ ಇತ್ತು, ಆಧಾರ್ ಇತ್ತು, ಸ್ಟೇಟಸ್‌ನಲ್ಲಿ ಹಣ ಜಮೆ ಅಂತಲೂ ತೋರಿಸುತ್ತಿತ್ತು. ಪಾಸ್‌ಬುಕ್‌ನಲ್ಲಿ ಮಾತ್ರ ಇಲ್ಲ. ಐದು ತಿಂಗಳು ಹುಡುಕಿದೆವು. ಕೊನೆಗೆ ನೋಡಿದರೆ, ಮಗಳು ಸಿಮ್ ತಗೊಳ್ಳುವಾಗ ಅಂಗಡಿಯವನು ಒಂದು ಖಾತೆ ತೆರೆದಿದ್ದ. ಆಧಾರ್ ಕೊನೆಯದಾಗಿ ಮ್ಯಾಪ್ ಆಗಿದ್ದು ಅದಕ್ಕೆ. ದುಡ್ಡು ಅಲ್ಲಿ ಸುಮ್ನೆ ಕೂತಿತ್ತು. ಖಾತೆಗೆ ಆಧಾರ್ ಲಿಂಕ್ ಆಗಿದ್ದರೆ ಸಾಲದು, ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ಆಧಾರ್‌ವಾರು ಪಟ್ಟಿ ಇಡುವ ಎನ್‌ಪಿಸಿಐನಲ್ಲಿ ಯಾವ ಬ್ಯಾಂಕ್ ತೋರಿಸುತ್ತದೆ ಅನ್ನೋದೇ ಮುಖ್ಯ. ಈಗ ಪ್ರತಿ ಜೂನ್‌ನಲ್ಲಿ ಮನೆಯವರೆಲ್ಲರದನ್ನೂ ನೋಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ಒಂದು ಬರೆಯುವ ಪುಸ್ತಕ ಹಿಡಿದು ಕೂತೆ. ದುಡ್ಡು ಹೋದ ತಿಂಗಳು ಒಂದು ಕಡೆ, ಬಂದ ತಿಂಗಳು ಇನ್ನೊಂದು ಕಡೆ ಬರೆದೆ. ಆಗ ಕಣ್ಣಿಗೆ ಬಿತ್ತು. ಫೀಸ್ ಹೋಗುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಸ್ಕಾಲರ್‌ಶಿಪ್ ಬರುವುದು ಯುಗಾದಿ ಆಚೆಗೆ. ನಡುವಿನ ಆರೇಳು ತಿಂಗಳಲ್ಲೇ ನಮ್ಮಂಥವರು ಬಡ್ಡಿಗೆ ಬೀಳುವುದು. ಸ್ಕಾಲರ್‌ಶಿಪ್ ನಂಬಿಕೊಂಡು ಫೀಸ್ ಕಟ್ಟೋಕೆ ಹೋಗಬಾರದು. ಫೀಸ್‌ಗೆ ಬ್ಯಾಂಕ್ ಸಾಲ, ಆ ಸಾಲ ತೀರಿಸೋಕೆ ಸ್ಕಾಲರ್‌ಶಿಪ್. ನನ್ನ ಲೆಕ್ಕ ಇಷ್ಟೇ.

ಚಿಕ್ಕವಳು ಪಿಯುಸಿಯಲ್ಲಿದ್ದಾಗಲೇ ತಯಾರಿ ಶುರು ಮಾಡಿದೆ. ಮೊದಲ ಅಡ್ಡಿ ನನ್ನದೇ ಹೆಸರು. 2018ರಲ್ಲಿ ಸಾಲ ಮನ್ನಾ ಅಂದಾಗ ಬೆಳೆ ಸಾಲ ಕಟ್ಟದೆ ಬಿಟ್ಟಿದ್ದೆ. ನನ್ನದು ಪೂರ್ತಿ ಮನ್ನಾ ಆಗಲಿಲ್ಲ, ಬ್ಯಾಂಕಿನವರು ಸಾಲ ಕೊಡುವ ಮುಂಚೆ ನೋಡುವ ಸಾಲದ ದಾಖಲೆ ಸಿಬಿಲ್‌ನಲ್ಲಿ ಸುಸ್ತಿ ಅಂತ ಕೂತಿತ್ತು. ಸಾಲಕ್ಕೆ ಅಪ್ಪನೂ ಸಹಿ ಹಾಕಬೇಕಲ್ವಾ? 38 ಸಾವಿರ ಚಿಲ್ಲರೆ ಕಟ್ಟಿ, ಬೇಬಾಕಿ ಪತ್ರ ತಗೊಂಡು, ಅದು ಸಿಬಿಲ್‌ನಲ್ಲಿ ಸರಿಹೋಗೋಕೆ ನಾಲ್ಕು ತಿಂಗಳು ಹಿಡಿಯಿತು. ಸೀಟ್ ಸಿಕ್ಕ ಮೇಲೆ ಈ ಕೆಲಸಕ್ಕೆ ಹೋಗಿದ್ದರೆ ಮುಗಿದೇ ಹೋಗುತ್ತಿತ್ತು.

ಸಾಲವನ್ನು ಬೇಕೆಂದೇ 4 ಲಕ್ಷಕ್ಕೆ ನಿಲ್ಲಿಸಿದೆ. ಅಲ್ಲಿವರೆಗೆ ಮಾರ್ಜಿನ್ ಅಂತ ನಾವು ಕೈಯಿಂದ ಹಾಕಬೇಕಾದ ಪಾಲು ಇಲ್ಲ, ಅಡಮಾನ ಇಲ್ಲ, ಜಾಮೀನುದಾರರೂ ಬೇಡ. ಮೊದಲು ಹೋದ ಶಾಖೆಯಲ್ಲಿ ಮ್ಯಾನೇಜರ್ ಫೈಲ್ ಬಿಚ್ಚಲೇ ಇಲ್ಲ. "ಪಹಣಿ ತನ್ನಿ, ನೋಡೋಣ" ಅಂದರು. ಎರಡು ವಾರ ಓಡಾಡಿದೆ. ಮೂರನೇ ಸಲ, "ಸಾರ್, ಆಗಲ್ಲ ಅಂದ್ರೆ ಕಾರಣ ಬರೆದುಕೊಡಿ. ಮೇಲಿನವರ ಒಪ್ಪಿಗೆ ಇಲ್ಲದೆ ವಿದ್ಯಾಭ್ಯಾಸದ ಸಾಲ ತಿರಸ್ಕರಿಸೋ ಹಾಗಿಲ್ವಲ್ಲ" ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತು ನನ್ನ ಕಡೆ ನೋಡಿ, "ಕೂತ್ಕೊಳ್ಳಿ" ಅಂದರು. ಅವತ್ತೇ ಮೊದಲ ಸಲ ನನಗೆ ಅಲ್ಲಿ ಕುರ್ಚಿ ಸಿಕ್ಕಿದ್ದು. ಹತ್ತು ಹನ್ನೆರಡು ದಿನದಲ್ಲಿ ಮಂಜೂರಾಯಿತು. ಆ ಫೈಲ್‌ನಲ್ಲಿ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೆ, ಮೇಲೆ ಯಾವುದನ್ನು ಇಟ್ಟಿದ್ದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಪ್ರಗತಿಗೆ ಈ ಸಲ ಅರ್ಜಿ ಹಾಕಿ ಸುಮ್ಮನಾಗಲಿಲ್ಲ. ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ನೋಡಲ್ ಆಫೀಸರ್ ಬಳಿಗೆ ಮೂರು ಸಲ ಹೋದೆ. ಅವರು ವೆರಿಫೈ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿ ಬಂದೆ. ಮಗಳ ಹೆಸರು ಬಂತು. ನೆನಪಿಡಿ, ಪ್ರಗತಿ ತಗೊಂಡರೆ ಇನ್ನೊಂದು ಸರ್ಕಾರಿ ಸ್ಕಾಲರ್‌ಶಿಪ್ ತಗೊಳ್ಳುವ ಹಾಗಿಲ್ಲ. ಹನ್ನೊಂದು ಸಾವಿರದ ಆಸೆಗೆ ಐವತ್ತು ಕಳೆದುಕೊಳ್ಳಬೇಡಿ.

ಹಾಸ್ಟೆಲ್ ಖರ್ಚು ಉಳಿದಿದ್ದು ಬಸ್ಸಿನಿಂದ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ದೊಡ್ಡವಳು ಪಿಜಿಯಲ್ಲಿದ್ದಾಗ ಊಟ ಸೇರಿ ವರ್ಷಕ್ಕೆ 65-70 ಸಾವಿರ ಹೋಗುತ್ತಿತ್ತು. ಚಿಕ್ಕವಳು ಆಧಾರ್ ತೋರಿಸಿ ಶೂನ್ಯ ಟಿಕೆಟ್‌ನಲ್ಲಿ ಹೋಗಿ ಬರುತ್ತಾಳೆ. ಬೆಳಿಗ್ಗೆ ಐದೂವರೆಗೆ ಏಳಬೇಕು. ಪರೀಕ್ಷೆ ಸಮಯದಲ್ಲಿ ಮಗು ಸೊರಗಿಹೋಗುತ್ತಾಳೆ, ಅದು ನನಗೆ ಸಂಕಟ. ಆ ಒಂದು ತಿಂಗಳು ಕುವೆಂಪುನಗರದಲ್ಲಿ ನನ್ನ ತಂಗಿ ಮನೆಯಲ್ಲಿ ಇರಿಸುತ್ತೇನೆ.

ಬಡ್ಡಿಯದು ಬೇರೆ ಕಥೆ. ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು, ಕಾಲೇಜಿಗೆ ಗುಣಮಟ್ಟ ನೋಡಿ ಕೊಡುವ ನ್ಯಾಕ್ ಮಾನ್ಯತೆ ಇದ್ದರೆ, ಓದುವ ವರ್ಷಗಳ ಬಡ್ಡಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕೊಡುತ್ತದೆ. ಹಾಗಾದರೆ ಪ್ರಗತಿಯ ಐವತ್ತು ಸಾವಿರವನ್ನು ಸಾಲಕ್ಕೆ ಯಾಕೆ ಕಟ್ಟಬೇಕು ಅಂತ ಒಂದು ವರ್ಷ ಎಫ್‌ಡಿ ಇಟ್ಟು ನೋಡಿದೆ. ಮೂರೂವರೆ ಸಾವಿರದಷ್ಟು ಬಡ್ಡಿ ಬಂತು. ಆದರೆ ಸಬ್ಸಿಡಿ ಬರೋದು ತಡ, ಅಷ್ಟರಲ್ಲಿ ಸಾಲದ ಖಾತೆಯಲ್ಲಿ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಶಾಖೆಯವರು ಕ್ಲೇಮ್ ಮಾಡಿದ್ದಾರಾ ಅಂತ ಕೇಳಿದರೆ, ಮಾಡೇ ಇರಲಿಲ್ಲ. ಆದಾಯ ಪ್ರಮಾಣಪತ್ರ ಮತ್ತೆ ಕೊಟ್ಟು ಮಾಡಿಸಿದೆ. ಈಗ ಅರ್ಧ ಸಾಲಕ್ಕೆ, ಅರ್ಧ ಎಫ್‌ಡಿಗೆ.

ನಡುವೆ ಟ್ರಸ್ಟ್‌ಗಳನ್ನೂ ಬಿಡಲಿಲ್ಲ. ಹದಿನಾಲ್ಕು ಕಡೆ ಅರ್ಜಿ ಕಳಿಸಿದೆವು. ಏಳಕ್ಕೆ ಟೈಪ್ ಮಾಡಿದ್ದು, ಏಳಕ್ಕೆ ಮಗಳೇ ಕೈಯಲ್ಲಿ ಕನ್ನಡದಲ್ಲಿ ಬರೆದಿದ್ದು. ಎರಡು ಕಡೆಯಿಂದ ಸೇರಿ 18 ಸಾವಿರ ಬಂತು, ಎರಡೂ ಕೈಬರಹದವು. ಅದರಲ್ಲಿ ಲ್ಯಾಪ್‌ಟಾಪ್‌ಗೆ ಅರ್ಧ ದುಡ್ಡಾಯಿತು.

ಫೀಸ್ ವರ್ಷಕ್ಕೆ ಒಂದು ಲಕ್ಷದ ಮೇಲೆ ಹತ್ತು ಸಾವಿರ. ಅದರಲ್ಲಿ ಲಕ್ಷ ಬ್ಯಾಂಕ್‌ನಿಂದ ನೇರ ಕಾಲೇಜಿಗೆ ಹೋಗುತ್ತದೆ. ಉಳಿದ ಹತ್ತು, ಪುಸ್ತಕ, ಕ್ಯಾಂಟೀನ್ ಎಲ್ಲ ಸೇರಿ ಕೈಯಿಂದ ಮೂವತ್ತು ಸಾವಿರದ ಆಸುಪಾಸು. ಎರಡು ಹಸುವಿನ ಹಾಲಿನ ದುಡ್ಡಲ್ಲೇ ಅದು ನಡೆಯುತ್ತದೆ.

ಹೋದ ವಾರ ನಮ್ಮಣ್ಣ ಮಗನ ಸಿಇಟಿ ಕಾಗದ ಹಿಡಿದು ಬಂದಿದ್ದರು. ಅವರಿಗೂ ಮೊದಲು ಸಿಬಿಲ್ ತೆಗೆಸಿ ಅಂದೆ. ನನ್ನ ಪುಸ್ತಕದಲ್ಲಿ ಈಗ ಬಾಕಿ ಇರುವುದು ಒಂದೇ ಸಾಲು: ನಾಲ್ಕನೇ ವರ್ಷದ ಕಂತು. ಮಗಳ ಒಂದು ವಿಷಯ ಮರುಮೌಲ್ಯಮಾಪನದಲ್ಲಿದೆ, ಆ ಮಾರ್ಕ್ಸ್ ಕಾರ್ಡ್ ಬರುವವರೆಗೆ ಬ್ಯಾಂಕಿನವರು ಬಿಡುಗಡೆ ಮಾಡಲ್ಲ. ಸೋಮವಾರ ಮತ್ತೆ ಹೋಗಿ ಕೇಳಬೇಕು.