ಎರೆ ಮಣ್ಣಿನಲ್ಲಿ ಮೊದಲ ಹಿತ್ತಲು: ವಿಜಯಪುರಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ವರ್ಗಾವಣೆಯಾಗಿ ವಿಜಯಪುರಕ್ಕೆ ಬರುವ ಕುಟುಂಬಗಳು ಹೆಚ್ಚಾಗಿ ಬೇಸಿಗೆ ರಜೆಯಲ್ಲೇ ಸಾಮಾನು ಇಳಿಸುತ್ತವೆ. ಮನೆಯ ಹಿಂದೆ ಒಂದಿಷ್ಟು ಖಾಲಿ ಜಾಗ ಕಂಡರೆ ಮರುದಿನವೇ ನರ್ಸರಿಗೆ ಹೋಗುವ ಆಸೆಯಾಗುತ್ತದೆ. ದಯವಿಟ್ಟು ತಡೆಯಿರಿ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎಳೆಯ ಸಸಿ ಬೇರೂರುವ ಮೊದಲೇ ಬಾಡುತ್ತದೆ. ಆ ತಿಂಗಳನ್ನು ಮಣ್ಣು ನೋಡುವುದಕ್ಕೆ ಇಟ್ಟುಕೊಳ್ಳಿ. ಬಾಡಿಗೆ ಮನೆಯಾದರೆ ಅಗೆಯುವ ಮುನ್ನ ಮಾಲೀಕರನ್ನು ಒಂದು ಮಾತು ಕೇಳಿ.

ಇಲ್ಲಿಯದು ಎರೆ ಭೂಮಿ. ಮಲೆನಾಡಿನಿಂದಲೋ ಮೈಸೂರು ಕಡೆಯಿಂದಲೋ ಬಂದವರಿಗೆ ಈ ಕಪ್ಪು ಮಣ್ಣಿನ ಗುಣ ಹೊಸದು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಜೇಡಿ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ, ಚಪ್ಪಲಿಗೆ ಮುದ್ದೆಯಾಗಿ ಅಂಟುತ್ತದೆ. ಇದನ್ನು ಕೆಟ್ಟ ಮಣ್ಣೆಂದು ತೆಗೆಸಿಹಾಕಬೇಡಿ. ಹಿಂಗಾರಿನ ಬಿಳಿಜೋಳ ಬೆಳೆಯುವುದು ಈ ಮಣ್ಣು ಒಳಗೆ ಹಿಡಿದಿಟ್ಟ ತೇವದಲ್ಲೇ. ಹೊಸ ಬಡಾವಣೆಯ ಮನೆಯಾದರೆ ಮಾತ್ರ ಎಚ್ಚರ: ಮೇಲೆ ಕಾಣುವುದು ಅಡಿಪಾಯಕ್ಕೆ ತಂದ ಗರಸು, ಸಿಮೆಂಟ್ ಹೆಂಟೆ, ಇಟ್ಟಿಗೆ ಚೂರು ಆಗಿರಬಹುದು. ಅವನ್ನು ಆರಿಸಿ ಹೊರಹಾಕದೆ ಮುಂದಿನ ಕೆಲಸವಿಲ್ಲ.

ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೆಯ ಸಲ ಬೆಳಿಗ್ಗೆ ತುಂಬಿದ ನೀರು ಸಂಜೆಗೂ ನಿಂತಿದ್ದರೆ ನೆಲಮಟ್ಟದಲ್ಲಿ ತರಕಾರಿ ಬೇಡ. ಅರ್ಧ ಅಡಿ ಎತ್ತರದ ಮಡಿ ಮಾಡಿ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಎರಡು ಮಡಿಗಳು ಮೊದಲ ವರ್ಷಕ್ಕೆ ಧಾರಾಳ. ಎರಡೂ ಬದಿಯಿಂದ ಕೈ ನಡುವಿಗೆ ಎಟಕುತ್ತದೆ, ಆದ್ದರಿಂದ ಮಡಿಯ ಮೇಲೆ ಕಾಲಿಡಬೇಕಿಲ್ಲ. ಗೋಡೆಯಿಂದ ಮೂರು ನಾಲ್ಕು ಅಡಿ ದೂರವಿರಲಿ. ಅಡಿಪಾಯದ ಪಕ್ಕದ ಎರೆ ನೆನೆದು ಉಬ್ಬಿ, ಒಣಗಿ ಕುಗ್ಗಿದರೆ ಗೋಡೆ ಬಿರುಕು ಬಿಡುತ್ತದೆ.

ಅಗೆಯುವುದಕ್ಕೆ ಹದ ಬೇಕು. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಮಟ್ಟದಿಂದ ಬೀಳಿಸಿ ನೋಡಿ. ಒಡೆದು ಚದುರಿದರೆ ಗುದ್ದಲಿ ಹಿಡಿಯಬಹುದು. ಚಪ್ಪಟೆಯಾಗಿ ನೆಲಕ್ಕೆ ಅಂಟಿದರೆ ಇನ್ನೆರಡು ದಿನ ಬಿಡಿ. ಹಸಿ ಎರೆಯನ್ನು ಅಗೆದರೆ ಹೆಂಟೆಗಳು ಒಣಗಿ ಕಲ್ಲಾಗುತ್ತವೆ. ಒಂದೆರಡು ಬುಟ್ಟಿ ಮರಳು ಬೆರೆಸಿದರೆ ಮಣ್ಣು ಸಡಿಲವಾಗುತ್ತದೆಂದು ಹಲವರು ಹೇಳುತ್ತಾರೆ. ಅಷ್ಟು ಮರಳಿನಿಂದ ಏನೂ ಆಗದು, ಕೆಲವೊಮ್ಮೆ ಮಣ್ಣು ಇನ್ನೂ ಗಟ್ಟಿಯಾಗುತ್ತದೆ. ಹಣ ಖರ್ಚು ಮಾಡುವುದಾದರೆ ಕೊಟ್ಟಿಗೆ ಗೊಬ್ಬರಕ್ಕೆ ಮಾಡಿ. ಎರಡು ಮೂರು ಅಂಗುಲ ಹರಡಿ, ಮೇಲಿನ ಅರ್ಧ ಅಡಿ ಮಣ್ಣಿಗೆ ಬೆರೆಸಿ. ಕೊಳ್ಳುವ ಮೊದಲು ರಾಶಿಯೊಳಗೆ ಕೈ ಹಾಕಿ ನೋಡಿ: ಬೆಚ್ಚಗಿರಬಾರದು, ಸಗಣಿ ವಾಸನೆ ಬರಬಾರದು, ಬೆರಳ ಸಂದಿಯಿಂದ ಪುಡಿಯಾಗಿ ಉದುರಬೇಕು. ಅರೆಕೊಳೆತ ಗೊಬ್ಬರದ ಜೊತೆ ಗೊಣ್ಣೆಹುಳು, ಗೆದ್ದಲು ಹಿತ್ತಲಿಗೆ ಬರುತ್ತವೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಚವಳಿಕಾಯಿ (ನಿಮ್ಮ ಕಡೆಯ ಗೋರಿಕಾಯಿ), ಬೆಂಡೆ, ಹೀರೆ, ಪುಂಡಿ ಸೊಪ್ಪು, ರಾಜಗಿರಿ ಸೊಪ್ಪು ಬಿತ್ತಬಹುದು. ಆದರೆ ಏನೂ ಗೊತ್ತಿಲ್ಲದವರು ಮೊದಲ ಬಿತ್ತನೆಗೆ ಸೆಪ್ಟೆಂಬರ್ ಕೊನೆಯನ್ನು ಕಾಯುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಈ ಜಿಲ್ಲೆಯಲ್ಲಿ ಮಳೆ ಹೆಚ್ಚು ಬೀಳುವುದು ಆ ತಿಂಗಳಲ್ಲೇ. ಆಮೇಲೆ ಬಿಸಿಲು ಇಳಿಯುತ್ತದೆ, ಮುಂದೆ ಚಳಿಗಾಲವಿಡೀ ಸೊಪ್ಪಿನ ಕಾಲ. ಮೆಂತ್ಯದಿಂದ ಆರಂಭಿಸಿ. ಅಡುಗೆಮನೆಯ ಡಬ್ಬಿಯ ಕಾಳೇ ಸಾಕು. ರಾತ್ರಿ ನೆನೆಸಿ, ಬೆಳಿಗ್ಗೆ ಚೆಲ್ಲಿ, ಅರ್ಧ ಅಂಗುಲ ಮಣ್ಣು ಮುಚ್ಚಿ. ವಾರದೊಳಗೆ ಮೊಳಕೆ, ತಿಂಗಳೊಳಗೆ ಪಲ್ಯ. ಜೊತೆಗೆ ಮೂಲಂಗಿ, ಕೊತ್ತಂಬರಿ, ಹಕ್ಕರಿಕೆ ಸೊಪ್ಪು ಹಾಕಿ; ರೊಟ್ಟಿ ಊಟದಲ್ಲಿ ಹಸಿ ಹಕ್ಕರಿಕೆ ತಿಂದು ರೂಢಿಯಾದವರು ಮತ್ತೆ ಬಿಡುವುದಿಲ್ಲ. ಗುಲಾಬಿ, ಹೂಕೋಸು ಎರಡನೆಯ ವರ್ಷಕ್ಕಿರಲಿ.

ಗಿಡಮರಗಳಲ್ಲಿ ಕರಿಬೇವು, ನುಗ್ಗೆ, ಲಿಂಬೆ ಇಲ್ಲಿಗೆ ಒಗ್ಗಿದವು. ಇಂಡಿ ತಾಲ್ಲೂಕಿನ ಲಿಂಬೆ ಹೆಸರಾಗಿರುವುದು ಸುಮ್ಮನೆ ಅಲ್ಲ. ನುಗ್ಗೆಯ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ, ವಿದ್ಯುತ್ ತಂತಿಯ ಕೆಳಗೆ ನೆಡಬೇಡಿ.

ಹೊಸಬರ ಗಿಡಗಳು ಇಲ್ಲಿ ನೀರು ಕಡಿಮೆಯಾಗಿ ಸಾಯುವಷ್ಟೇ ನೀರು ಹೆಚ್ಚಾಗಿಯೂ ಸಾಯುತ್ತವೆ. ಎರೆಯ ಮೇಲ್ಮೈ ಒಣಗಿ ಕಂಡರೂ ಎರಡು ಅಂಗುಲ ಕೆಳಗೆ ತೇವವಿರುತ್ತದೆ. ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಬೇರಿಗೆ ಇಳಿಯುವಂತೆ ನಿಧಾನವಾಗಿ ಹಾಕಿ. ಒಣ ಎಲೆ ಅಥವಾ ಕತ್ತರಿಸಿದ ಜೋಳದ ಕಣಿಕೆಯನ್ನು ಕಾಂಡಕ್ಕೆ ತಾಗದಂತೆ ಹೊದಿಸಿದರೆ ನೀರು ಉಳಿಯುತ್ತದೆ, ಬಿರುಕೂ ಕಡಿಮೆ. ತರಕಾರಿ ತೊಳೆದ ನೀರು ಆಗುತ್ತದೆ. ನೀರು ಶುದ್ಧೀಕರಿಸುವ ಯಂತ್ರ ಹೊರಚೆಲ್ಲುವ ತ್ಯಾಜ್ಯ ನೀರು ಬೇಡ: ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ.

ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಯೂರಿಯಾ ಸುರಿಯಬೇಡಿ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ), ಕೆಲವು ಹನಿ ಲಿಂಬೆರಸ ಬೆರೆಸಿ ಸಂಜೆ ಎಲೆಗಳಿಗೆ ಸಿಂಪಡಿಸಿ.

ಅನುಮಾನವಿದ್ದರೆ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ. ಗೊಬ್ಬರ ಹಾಕುವ ಮೊದಲೇ ಹಿತ್ತಲಿನ ನಾಲ್ಕೈದು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಳ್ಳಿ. ಗುದ್ದಲಿ, ಸಲಿಕೆ, ಬುಟ್ಟಿ ಬೇಕಾದವರು ನಮ್ಮ ಸಂಘದ ಕಚೇರಿಗೆ ಬಂದು ಕೇಳಿ. ಕೊಳ್ಳುವ ಮೊದಲು ಒಂದು ಹಂಗಾಮು ಎರವಲು ಪಡೆದು ಬಳಸಿ ನೋಡಬಹುದು.