ಕನಸಿನ ಜೊತೆ ಅಡ್ಡಿಯನ್ನೂ ಕಣ್ಮುಂದೆ ತಂದುಕೊಳ್ಳಿ
ಸ್ವಂತ ಟಿಫಿನ್ ಸರ್ವಿಸ್ ಇರಲಿ, ಸಿಎ ಪರೀಕ್ಷೆ ಇರಲಿ, ನಿಮ್ಮ ಕನಸಿಗೆ ಎರಡು ನಿಮಿಷದ ಆಡಿಯೋವನ್ನು ನಿಮ್ಮದೇ ದನಿಯಲ್ಲಿ, ಮನೆಯಲ್ಲಾಡುವ ಕನ್ನಡದಲ್ಲೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲು ಕನಸು ಕೈಗೂಡಿದ ಚಿತ್ರ, ಕೂಡಲೇ ಅದಕ್ಕೆ ಅಡ್ಡ ಬರುವ ನಿಮ್ಮದೇ ಅಭ್ಯಾಸ, ಆಮೇಲೆ ಒಂದು ಪಕ್ಕಾ ವಾಕ್ಯ: ‘ಡೊಂಬಿವಲಿ ಸ್ಟೇಷನ್‌ನಲ್ಲಿ ಇಳಿದು ಮನೆಗೆ ಬಂದಾಗ ಸೋಫಾ ಮೇಲೆ ಒರಗೋಣ ಅನಿಸಿದರೆ, ಚಪ್ಪಲಿ ಬಿಟ್ಟ ತಕ್ಷಣ ಪುಸ್ತಕ ತೆಗೀತೀನಿ.’ ಬರೀ ಗೆಲುವನ್ನೇ ಕಲ್ಪಿಸಿಕೊಂಡರೆ ಮನಸ್ಸು ಆಗಲೇ ಗೆದ್ದಂತೆ ಸಡಿಲಗೊಳ್ಳುತ್ತದೆ. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗೆನ್ ಅವರ ಸಂಶೋಧನೆಯಲ್ಲೂ ಇದೇ ಕಂಡಿದೆ. ಮುಂಬೈ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಾಗ ಈ ಆಡಿಯೋ ಕೇಳಿ, ಬಾಗಿಲ ಬಳಿ ನಿಂತಾಗ ದಯವಿಟ್ಟು ಬೇಡ. ಮ್ಹಾಡಾ (ಮಹಾರಾಷ್ಟ್ರದ ಸರ್ಕಾರಿ ವಸತಿ ಮಂಡಳಿ) ಮನೆ ಲಾಟರಿಯಂತೆ ಫಲ ನಮ್ಮ ಕೈಯಲ್ಲೇ ಇಲ್ಲದ ಆಸೆಗಳಿಗೆ ಇದು ನಡೆಯೋದಿಲ್ಲ.