ಪಂಚಾಂಗ ನೋಡಿ ಹಕ್ಕಿ ಹುಡುಕಿ: ಮುಂಬೈ ಸುತ್ತ ಅಪರೂಪದ ಅತಿಥಿಗಳನ್ನು ಕಾಣುವುದು ಹೇಗೆ?

ಶಿವಡಿ ಬಂದರಿಗೆ ಮೊದಲ ಸಲ ರಾಜಹಂಸ ನೋಡಲು ಹೋದ ದಿನ ನನಗೆ ಕಂಡದ್ದು ಕೆಸರು. ಮುಲುಂಡಿನಲ್ಲಿ ಬೆಳಗಿನ ಲೋಕಲ್ ಹತ್ತಿ, ಕುರ್ಲಾದಲ್ಲಿ ಹಾರ್ಬರ್ ಲೈನಿಗೆ ಬದಲಾಯಿಸಿ, ಸ್ಟೇಷನ್ನಿನಿಂದ ಟ್ಯಾಂಕರ್‌ಗಳ ನಡುವೆ ದಾರಿ ಮಾಡಿಕೊಂಡು ಜೆಟ್ಟಿಗೆ ಬಂದರೆ ನೀರು ಎಲ್ಲೋ ಆಚೆ ಸರಿದುಹೋಗಿತ್ತು. ಅದರ ಅಂಚಿನಲ್ಲಿ ಒಂದು ಗುಲಾಬಿ ಗೆರೆ. ಹಕ್ಕಿಗಳ ಹಿಂಡೋ, ಒಣಗಲು ಹಾಕಿದ ಸೀರೆಯೋ ಹೇಳುವಂತಿರಲಿಲ್ಲ. ಮೇಲಾಗಿ ಸೂರ್ಯ ನೇರ ಕಣ್ಣಿಗೆ.

ಪಕ್ಕದಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಕೋಲಿ ಮೀನುಗಾರ ಅಜ್ಜ ನನ್ನ ಕೊರಳಿನ ದುರ್ಬೀನನ್ನೂ ಮುಖವನ್ನೂ ನೋಡಿ ಮರಾಠಿಯಲ್ಲಿ ಕೇಳಿದ: "ಇವತ್ತು ತಿಥಿ ಯಾವುದು?" ನಮ್ಮೂರಲ್ಲಿ ತಿಥಿ ಅಂದರೆ ವಡೆ-ಪಾಯಸದ ಊಟ. ಯಾರದ್ದಪ್ಪ ಎಂದು ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಮೊಬೈಲಿನಲ್ಲಿ ನೋಡಿ ತದಿಗೆ ಎಂದೆ. "ಹಾಗಾದರೆ ಭರತಿ ಎರಡೂಕಾಲಿಗೆ. ಊಟ ಮುಗಿಸಿ ಬಾ" ಎಂದು ಅವನು ಬಲೆಯತ್ತ ತಿರುಗಿದ. ಭರತಿ ಅಂದರೆ ಭರತ, ಕಡಲಿನ ಉಬ್ಬರ. ಊಟ ಮುಗಿಸಿ ಹೋದೆ. ಹಕ್ಕಿಗಳು ಕಲ್ಲೆಸೆತದ ದೂರದಲ್ಲಿ ನಿಂತಿದ್ದವು.

ಈ ಊರಿನಲ್ಲಿ ಅಪರೂಪದ ಹಕ್ಕಿ ಕಾಣಲು ಬೇಕಾದದ್ದು ದೊಡ್ಡ ಕ್ಯಾಮೆರಾ ಅಲ್ಲ, ಹೊತ್ತಿನ ಲೆಕ್ಕ. ಅದು ನಮ್ಮ ಮನೆಯ ಗೋಡೆಯ ಮೇಲೇ ತೂಗುತ್ತಿರುತ್ತದೆ.

ಮೊದಲು: ಯಾವ ಬಗೆಯ ಅಪರೂಪ?

ಹುಡುಕಲು ಹೊರಡುವ ಮುನ್ನ ಇದನ್ನು ಬಗೆಹರಿಸಿಕೊಳ್ಳಿ. ಕೆಲವು ಹಕ್ಕಿಗಳು ದಾರಿ ತಪ್ಪಿ ಬಂದವು. ಬಿರುಗಾಳಿಗೆ ಸಿಕ್ಕಿ ದಡ ಸೇರುವ ಕಡಲಹಕ್ಕಿಗಳು ಈ ಜಾತಿ. ಇನ್ನು ಕೆಲವು ದಾರಿಹೋಕ ಹಕ್ಕಿಗಳು. ವರ್ಷಕ್ಕೆ ಹತ್ತು-ಹದಿನೈದು ದಿನ ನಮ್ಮ ನೆತ್ತಿಯ ಮೇಲಿಂದ ದಾಟುತ್ತವೆ, ಆಮೇಲೆ ಬೇಡಿಕೊಂಡರೂ ಇಲ್ಲ. ಮೂರನೆಯವು ಜಗತ್ತಿನಲ್ಲೇ ಕಡಿಮೆ, ಆದರೆ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ಮೊದಲನೆಯದಕ್ಕೆ ಹವಾಮಾನ ನೋಡಬೇಕು, ಎರಡನೆಯದಕ್ಕೆ ಕ್ಯಾಲೆಂಡರ್, ಮೂರನೆಯದಕ್ಕೆ ನಕ್ಷೆ ಮತ್ತು ತಾಳ್ಮೆ.

ಸುದ್ದಿ ಹಿಡಿಯುವುದು

ಹಕ್ಕಿ ನೋಡಿದವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಆ್ಯಪ್ ಫೋನಿನಲ್ಲಿ ಹಾಕಿಕೊಳ್ಳಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ನಡೆಸುವ ಇದು ಉಚಿತ. ವೆಬ್‌ಸೈಟಿಗೆ ಹೋಗಿ ಅಪರೂಪದ ಹಕ್ಕಿಗಳ ಅಲರ್ಟ್‌ಗೆ ಹೆಸರು ಕೊಟ್ಟರೆ ಹೊಸ ವರದಿಗಳು ಇಮೇಲಿಗೆ ಬರುತ್ತವೆ. ಮುಂಬೈ ಒಂದನ್ನೇ ನೋಡಿದರೆ ಸಾಲದು, ಠಾಣೆ ಮತ್ತು ರಾಯಗಡ ಜಿಲ್ಲೆಗಳ ಮೇಲೂ ಕಣ್ಣಿಡಿ. ಒಳ್ಳೆಯ ಹಕ್ಕಿಗಳಲ್ಲಿ ಅರ್ಧ ಖಾಡಿಯ, ಅಂದರೆ ನೆಲದೊಳಕ್ಕೆ ಚಾಚಿದ ಕಡಲಿನ ತೋಳಿನ, ಆಚೆ ದಂಡೆಯಲ್ಲೇ ಇರುವುದು.

ವರದಿ ಬಂದ ಕೂಡಲೇ ಚಪ್ಪಲಿ ಮೆಟ್ಟಬೇಡಿ. ಫೋಟೊ ಇದೆಯೇ, ಎಷ್ಟು ಜನ ಬೇರೆ ಬೇರೆಯಾಗಿ ನೋಡಿದ್ದಾರೆ, ಕೊನೆಯ ಸಲ ಕಂಡದ್ದು ಯಾವಾಗ ಎಂಬುದನ್ನು ನೋಡಿ. ನನ್ನ ಲೆಕ್ಕ ಸರಳ: ಮೂರು ದಿನದೊಳಗಿನ ಸುದ್ದಿಯಾದರೆ ರೈಲು ಟಿಕೆಟ್ಟಿಗೆ ಬೆಲೆ ಇದೆ. ವಾರ ಕಳೆದಿದ್ದರೆ ಮನೆಯಲ್ಲಿದ್ದು ಅದೇ ಜಾಗದ ಹಳೆಯ ದಾಖಲೆ ತೆಗೆದು, ಹಿಂದಿನ ವರ್ಷಗಳಲ್ಲಿ ಆ ಹಕ್ಕಿ ಯಾವ ವಾರ ಬಂದಿತ್ತು ಎಂದು ಗುರುತು ಹಾಕಿಕೊಳ್ಳುವುದು ಲೇಸು. ಕಳ್ಳಬೇಟೆಯ ಭಯವಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಇ-ಬರ್ಡ್ ಬೇಕೆಂದೇ ಮರೆಮಾಡುತ್ತದೆ. ಅದನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಕೆದಕಿ ಕೇಳುವುದು ಸಭ್ಯತೆಯಲ್ಲ.

ತಿಥಿಯ ಮುಕ್ಕಾಲು

ಇನ್ನು ಆ ಅಜ್ಜನ ಲೆಕ್ಕ. ಕೊಂಕಣ ಕರಾವಳಿಯ ಮೀನುಗಾರರು ತಲೆತಲಾಂತರದಿಂದ ಬಳಸುವ ಸೂತ್ರ ಇದು: ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ, ಬಂದದ್ದೇ ಭರತದ ಗಂಟೆ. ಚೌತಿ ನಾಲ್ಕು, ಅದರ ಮುಕ್ಕಾಲು ಮೂರು. ಅಂದರೆ ಬೆಳಗಿನ ಜಾವ ಮೂರಕ್ಕೂ ಮಧ್ಯಾಹ್ನ ಮೂರಕ್ಕೂ ನೀರು ತುಂಬಿರುತ್ತದೆ. ಅಷ್ಟಮಿಗೆ ಆರು ಗಂಟೆ. ಏಕಾದಶಿಗೆ ಎಂಟೂಕಾಲು. ಹುಣ್ಣಿಮೆ-ಅಮಾವಾಸ್ಯೆ ಹದಿನೈದೆಂದು ಹಿಡಿದರೆ ಹನ್ನೊಂದೂಕಾಲು. ಶುಕ್ಲ, ಕೃಷ್ಣ ಎರಡೂ ಪಕ್ಷಕ್ಕೆ ಒಂದೇ ಲೆಕ್ಕ. ಭರತದಿಂದ ಸುಮಾರು ಆರು ಗಂಟೆ ಆಚೆ ಇಳಿತ. ಚಂದ್ರನಿಂದಾಗಿ ಭರತ ದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಬೀಳುವುದರಿಂದಲೇ ಈ ಸೂತ್ರ ನಡೆಯುತ್ತದೆ. ಅರ್ಧ ಗಂಟೆ ಆಚೀಚೆ ಇಟ್ಟುಕೊಳ್ಳಿ. ನಿಮಿಷದ ನಿಖರತೆ ಬೇಕಿದ್ದರೆ ಭರತ-ಇಳಿತದ ಪಟ್ಟಿ ಫೋನಿನಲ್ಲೇ ಸಿಗುತ್ತದೆ, ಆದರೆ ಬರುವ ತಿಂಗಳ ಯಾವ ಭಾನುವಾರ ಹೋಗುವುದು ಎಂದು ಅಡುಗೆಮನೆಯಲ್ಲಿ ನಿಂತೇ ಹೇಳಲು ಪಂಚಾಂಗಕ್ಕಿಂತ ಬೇಗದ ದಾರಿ ಇಲ್ಲ.

ಈ ಲೆಕ್ಕ ಏಕೆ ಬೇಕು? ಕೆಸರಲ್ಲಿ ಮೇಯುವ ಹಕ್ಕಿಗಳು ನೀರಿನ ಅಂಚಿನ ಜತೆಗೇ ನಡೆಯುತ್ತವೆ. ಇಳಿತದಲ್ಲಿ ಅಂಚು ದೂರ, ಹಕ್ಕಿಯೂ ದೂರ. ತುಂಬಿದ ಭರತದಲ್ಲಿ ಕೆಸರೇ ಇಲ್ಲ, ಹಕ್ಕಿಯೂ ಇಲ್ಲ. ನೀರು ಏರುತ್ತಿರುವಾಗ, ಭರತಕ್ಕೆ ಎರಡು-ಎರಡೂವರೆ ಗಂಟೆ ಮುಂಚೆ ಹೋಗಿ ಕೂತರೆ ಕಡಲೇ ಹಕ್ಕಿಗಳನ್ನು ನಿಮ್ಮತ್ತ ತಳ್ಳಿಕೊಂಡು ಬರುತ್ತದೆ.

ಯಾವ ದಂಡೆ, ಯಾವ ಬಿಸಿಲು

ಠಾಣೆ ಖಾಡಿಯ ಪಶ್ಚಿಮ ದಂಡೆಯಲ್ಲಿ ಶಿವಡಿ. ಅಲ್ಲಿ ನಿಂತರೆ ಪೂರ್ವಕ್ಕೆ ಮುಖ, ಆದ್ದರಿಂದ ಬೆಳಗ್ಗೆ ಹಕ್ಕಿಯೆಲ್ಲ ಕಪ್ಪು ನೆರಳು. ಶಿವಡಿಗೆ ಮಧ್ಯಾಹ್ನವೇ ಸರಿ. ಪಂಚಮಿ-ಷಷ್ಠಿಗಳಂದು ನಾಲ್ಕು ಗಂಟೆಯ ಸುಮಾರಿಗೆ ಭರತ, ಒಂದೂವರೆಗೆ ಹೋದರೆ ಬೆನ್ನಿಗೆ ಬಿಸಿಲು. ಪೂರ್ವ ದಂಡೆಯ ಐರೋಲಿಗೆ ಇದರ ತಿರುವುಮುರುವು: ಬೆಳಗಿನ ಭರತವಿರುವ ದಶಮಿಯಿಂದ ತ್ರಯೋದಶಿಯವರೆಗಿನ ದಿನ ಹಿಡಿಯಿರಿ. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದ್ದು, ದೋಣಿಯಲ್ಲಿ ಖಾಡಿಯೊಳಕ್ಕೆ ಕರೆದೊಯ್ಯುತ್ತಾರೆ. ದೋಣಿಯ ಹೊತ್ತೂ ಭರತವನ್ನು ನೋಡಿಯೇ ನಿರ್ಧಾರವಾಗುತ್ತದೆ, ಮುಂಚೆ ಕಾದಿರಿಸಿ. 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಗಿ ಘೋಷಣೆಯಾದ ಈ ಖಾಡಿ 2022ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿದೆ.

ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ನಡುಹಗಲಿಗೆ ಖಾಡಿಯ ಕೆಸರು ಪೂರ್ತಿ ಮುಳುಗುತ್ತದೆ. ಆಗ ಹಕ್ಕಿಗಳು ಹಾರಿ ನವಿ ಮುಂಬೈಯ ನೆರೂಳ್-ಸೀವುಡ್ಸ್ ಕಡೆಯ ಕೊಳಗಳಲ್ಲಿ ಇಳಿದು ವಿಶ್ರಮಿಸುತ್ತವೆ. ಆ ದಿನ ನೀವೂ ಅಲ್ಲಿಗೇ ಹೋಗಿ.

ಇಲ್ಲೊಂದು ಕಿವಿಮಾತು. ರಾಜಹಂಸ ಇಲ್ಲಿ ಅಪರೂಪವಲ್ಲ. ಚಳಿಗಾಲದಿಂದ ಮೇವರೆಗೆ ಸಾವಿರಗಟ್ಟಲೆ ಇರುತ್ತವೆ. ಹೆಚ್ಚಿನವು ಕಡುಗೆಂಪು ಕೊಕ್ಕಿನ ಸಣ್ಣ ರಾಜಹಂಸ. ಕೊಕ್ಕು ತಿಳಿ ಗುಲಾಬಿಯಾಗಿ ತುದಿ ಮಾತ್ರ ಕಪ್ಪಿದ್ದರೆ ದೊಡ್ಡ ರಾಜಹಂಸ. ಎಲ್ಲರ ಕ್ಯಾಮೆರಾ ಆ ಗುಲಾಬಿಗೆ ಸಿಕ್ಕಿಬಿದ್ದಿರುವಾಗ ನೀವು ಅವುಗಳ ಕಾಲಬುಡ ನೋಡಿ. ಅಲ್ಲಿ ಓಡಾಡುವ ಬೂದು-ಕಂದು ಉಲ್ಲಂಕಿಗಳ ನಡುವೆಯೇ ಅಪರೂಪದ್ದು ಅಡಗಿರುತ್ತದೆ. ಕೊಕ್ಕು ಮೇಲಕ್ಕೆ ಬಾಗಿದೆಯೇ? ಗಾತ್ರದಲ್ಲಿ ಪಕ್ಕದವಕ್ಕಿಂತ ದಪ್ಪವೇ? ಮೇಯುವ ರೀತಿ ಬೇರೆಯೇ? ನೂರು ಸಾಮಾನ್ಯ ಉಲ್ಲಂಕಿ ನೋಡಿ ಬೇಸರ ಬಂದವರಿಗೆ ಮಾತ್ರ ನೂರಾಒಂದನೆಯದು ಬೇರೆ ಎಂದು ಹೊಳೆಯುತ್ತದೆ. 8x42 ದುರ್ಬೀನು ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಮಿಲಿಮೀಟರ್ ಗಾಜು ಮಬ್ಬಿನಲ್ಲೂ ಬೆಳಕು ಹಿಡಿಯುತ್ತದೆ.

ಮರಳಿನ ದಂಡೆ ಬೇಕೆನ್ನುವವರು ಚಳಿಗಾಲದಲ್ಲಿ ಗೇಟ್‌ವೇಯಿಂದ ಮಾಂಡವಾಕ್ಕೆ ದೋಣಿ ಹಿಡಿದು ಅಲಿಬಾಗಿನ ಪಕ್ಕದ ಆಕ್ಷಿಗೆ ಹೋಗಬಹುದು. ಕಪ್ಪು-ಬಿಳಿ ಮೈಗೆ ಕ್ಯಾರೆಟ್ಟಿನಂಥ ಕೊಕ್ಕಿನ ಆಯ್‌ಸ್ಟರ್‌ಕ್ಯಾಚರ್ ಅಲ್ಲಿನ ಆಕರ್ಷಣೆ.

ಮಳೆಗಾಲದ ಇಬ್ಬರು

ಜೂನ್ ಬಂದರೆ ಹೆಚ್ಚಿನವರು ದುರ್ಬೀನು ಒಳಗಿಡುತ್ತಾರೆ. ತಪ್ಪು. ಪನವೇಲಿನಿಂದ ಹನ್ನೆರಡು ಕಿಲೋಮೀಟರ್ ದೂರದ, ಮುಂಬೈ-ಗೋವಾ ಹೆದ್ದಾರಿ ಬದಿಯ ಕರ್ನಾಳ ಪಕ್ಷಿಧಾಮಕ್ಕೆ ಕುಬ್ಜ ಮಿಂಚುಳ್ಳಿ ಬರುವುದೇ ಮಳೆ ಹಿಡಿದ ಮೇಲೆ. ಗುಬ್ಬಿಗಿಂತ ಚಿಕ್ಕದು. ನೇರಳೆ ಬೆನ್ನು, ಅರಿಶಿನ ಹೊಟ್ಟೆ, ಹವಳದ ಕೊಕ್ಕು; ಮಗು ಬಣ್ಣದ ಡಬ್ಬಿ ಖಾಲಿ ಮಾಡಿದಂತೆ. ಮಣ್ಣಿನ ದಿಣ್ಣೆಯಲ್ಲಿ ಬಿಲ ಕೊರೆದು ಮರಿ ಮಾಡುತ್ತದೆ. ಮರಿಗೆ ಹಾವುರಾಣಿ, ಏಡಿ, ಕಪ್ಪೆಮರಿ ತಂದುಕೊಡುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಗೂಡಿನ ಎದುರಿಗೇ ಮುತ್ತಿಗೆ ಹಾಕುವ ಕ್ಯಾಮೆರಾದವರಿಂದ ಅದಕ್ಕೆ ಉಪದ್ರವ. ತಾಯಿಹಕ್ಕಿ ಕೊಕ್ಕಿನಲ್ಲಿ ಮೇವು ಹಿಡಿದೂ ಬಿಲಕ್ಕೆ ಹೋಗದೆ ಕೊಂಬೆಯ ಮೇಲೆ ಕೂತೇ ಇದ್ದರೆ ನೀವು ತೀರಾ ಹತ್ತಿರ ಇದ್ದೀರಿ ಎಂದರ್ಥ. ಹಿಂದೆ ಸರಿಯಿರಿ, ಪಕ್ಕದವರನ್ನೂ ಎಬ್ಬಿಸಿ.

ಎರಡನೆಯವರು ದಾರಿ ತಪ್ಪಿದ ಕಡಲಹಕ್ಕಿಗಳು. ಎರಡು-ಮೂರು ದಿನ ಪಡುವಣ ಗಾಳಿ ಹೊಡೆದು ನಿಂತ ಮಾರನೆಯ ಬೆಳಗ್ಗೆ ವರ್ಸೋವಾ, ಗೊರಾಯಿ, ಉತ್ತನ್ ದಂಡೆಯಲ್ಲಿ ಅಲೆ ಬಿಟ್ಟುಹೋದ ಕಸದ ಗೆರೆಯ ಉದ್ದಕ್ಕೂ ನಡೆಯಿರಿ. ಮುಖಕ್ಕೆ ಕಪ್ಪು ಮುಸುಕು ಕಟ್ಟಿದಂತಿರುವ, ಬಾತಿಗಿಂತ ದೊಡ್ಡ ಬಿಳಿ ಹಕ್ಕಿ ಮರಳಲ್ಲಿ ಸುಮ್ಮನೆ ಕೂತಿದ್ದರೆ ಅದು ಮಾಸ್ಕ್‌ಡ್ ಬೂಬಿ. ನಡುಗಡಲಿನ ಹಕ್ಕಿ, ಬಳಲಿ ಬಿದ್ದಿರುತ್ತದೆ. "ಪಾಪ, ನೀರಿಗೆ ಬಿಡೋಣ" ಎಂದು ಎತ್ತಿ ಎಸೆಯಬೇಡಿ, ಬಾಯಿಗೆ ಮೀನು ತುರುಕಬೇಡಿ. ನಾಯಿ-ಕಾಗೆಗಳನ್ನು ದೂರವಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅದರ ಕೊಕ್ಕು ಚೂಪು, ಮುಖ ಹತ್ತಿರ ಒಯ್ಯಬೇಡಿ.

ಲೋಣಾವಳದ ಕೆಲವೇ ದಿನ

ಅಮೂರ್ ಚಾಣ ಸೈಬೀರಿಯಾ, ಉತ್ತರ ಚೀನಾದಿಂದ ಹೊರಟು ನಾಗಾಲ್ಯಾಂಡಿನಲ್ಲಿ ತಂಗಿ, ಭಾರತವನ್ನು ಅಡ್ಡಹಾದು, ಅರಬ್ಬೀ ಸಮುದ್ರ ದಾಟಿ ಆಫ್ರಿಕಾದ ದಕ್ಷಿಣಕ್ಕೆ ಹೋಗುವ ಹಕ್ಕಿ. ಪಾರಿವಾಳದಷ್ಟೂ ಇಲ್ಲ. ಸಮುದ್ರಕ್ಕೆ ಧುಮುಕುವ ಮುನ್ನ ಲೋಣಾವಳದ ಹುಲ್ಲುಗುಡ್ಡಗಳಲ್ಲಿ ಕೆಲವು ಇಳಿದು ಕೀಟ ಹಿಡಿದು ತಿನ್ನುತ್ತವೆ. ನವೆಂಬರ್ ಕೊನೆ, ಡಿಸೆಂಬರ್ ಮೊದಲು; ಅಷ್ಟೇ. ಇಲ್ಲಿ ಪಂಚಾಂಗ ಬೇಡ, ರಜೆ ಬೇಕು.

ತಾನ್ಸಾದ ಗೂಬೆ

ಮುಂಬೈಯ ನಲ್ಲಿಗೆ 1892ರಿಂದ ನೀರು ಕೊಡುತ್ತಿರುವ ತಾನ್ಸಾ ಕೆರೆಯ ಸುತ್ತಲಿನ ಕಾಡಿನಲ್ಲಿ, ಸತ್ತೇಹೋಯಿತೆಂದು ಜಗತ್ತು ಕೈಬಿಟ್ಟಿದ್ದ ಗೂಬೆಯೊಂದಿದೆ. ಫಾರೆಸ್ಟ್ ಔಲೆಟ್, ಕನ್ನಡದಲ್ಲಿ ಕಾಡುಹಾಲಕ್ಕಿ ಎನ್ನೋಣ. 1884ರ ಬಳಿಕ ಇದರ ನಂಬುವಂಥ ದಾಖಲೆಯೇ ಇರಲಿಲ್ಲ. 1914ರದ್ದೆಂದು ಒಂದು ಮಾದರಿ ಇತ್ತು, ಅದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಮೈನರ್ಟ್ಸ್‌ಹಾಗನ್ ಮಾಡಿದ ಮೋಸ ಎಂದು ಬಯಲಾಯಿತು. ಆ ಸುಳ್ಳು ವಿಳಾಸವನ್ನು ಬದಿಗಿಟ್ಟು ಹಳೆಯ ನಿಜವಾದ ಮಾದರಿಗಳ ಜಾಡು ಹಿಡಿದ ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸ್ಸೆನ್ ಮತ್ತು ಸಂಗಡಿಗರು 1997ರಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಅದನ್ನು ಮತ್ತೆ ಕಂಡರು. 2014ರಲ್ಲಿ ತಾನ್ಸಾದಲ್ಲೂ ಸಿಕ್ಕಿತು.

ಹೋಗುವವರು ಕಸಾರಾ ಲೋಕಲ್ ಹಿಡಿದು ಆಟಗಾಂವ್‌ನಲ್ಲಿ ಇಳಿಯಿರಿ, ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಇದು ಹಗಲಲ್ಲೇ ಚುರುಕಾಗಿರುವ ಗೂಬೆ, ರಾತ್ರಿ ಟಾರ್ಚ್ ಹಿಡಿದು ಅಲೆಯುವ ಅಗತ್ಯವಿಲ್ಲ. ಎಲೆ ಉದುರಿದ ತೇಗದ ತುದಿ ಕೊಂಬೆಗಳನ್ನು ಬೆಳಗ್ಗೆ ಒಂದೊಂದಾಗಿ ನೋಡುತ್ತ ಹೋಗಿ. ಮೋಸ ಮಾಡುವುದು ನಮ್ಮೂರಲ್ಲೂ ಇರುವ ಸಾದಾ ಹಾಲಕ್ಕಿ. ಅದರ ನೆತ್ತಿಯ ತುಂಬ ಬಿಳಿ ಚುಕ್ಕೆ. ಕಾಡುಹಾಲಕ್ಕಿಯ ನೆತ್ತಿ ಬಹುಮಟ್ಟಿಗೆ ಖಾಲಿ, ಎದೆ ಗಾಢ ಕಂದು, ಹೊಟ್ಟೆಯ ನಡುಭಾಗ ಬಿಳಿ. ಕೂಗನ್ನು ಫೋನಿನಲ್ಲಿ ಹಾಕಿ ಕರೆಯುವ ಚಟ ಇಲ್ಲಿ ಖಂಡಿತ ಬೇಡ. ಮರಿಗೆ ಮೇವು ತರಬೇಕಾದ ಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕುತ್ತ ಬೆಳಗ್ಗೆಯೆಲ್ಲ ಕಳೆಯುತ್ತದೆ.

ಬರೆದಿಡುವುದು

ಅಪರೂಪದ್ದು ಕಂಡಿತೆಂದರೆ ಮೊದಲು ನೋಡಿ, ಆಮೇಲೆ ಫೋಟೊ, ಆಮೇಲೆ ಪುಸ್ತಕ. ಕೊಕ್ಕು, ಕಾಲು, ಕಣ್ಣಿನ ಬಣ್ಣ, ಏನು ಮಾಡುತ್ತಿತ್ತು ಎಂಬುದನ್ನು ಅಲ್ಲೇ ಗೀಚಿಕೊಳ್ಳಿ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹೇಳಿದ ಹೆಸರು ಸುಳಿವು ಮಾತ್ರ, ತೀರ್ಪಲ್ಲ. ನಾನೊಮ್ಮೆ ಭಾಂಡುಪ್ ಪಂಪಿಂಗ್ ಸ್ಟೇಷನ್ನಿನ ಬಳಿ ಕಂದು ಮೈಗೆ ಬಿಳಿ ಚುಕ್ಕೆಯ ಹಕ್ಕಿಯೊಂದನ್ನು ಕಂಡು ಬಿಟರ್ನ್ ಎಂಬ ಅಪರೂಪದ ಬಕ ಎಂದು ಗುಂಪಿನಲ್ಲಿ ಡಂಗುರ ಸಾರಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಸರ್, ಅದು ಇರುಳು ಬಕದ ಮರಿ." ಇಬ್ಬರು ಆಗಲೇ ಆಟೊ ಹತ್ತಿದ್ದರು. ಅವರಿಗೆ ಅಂದು ಇಡ್ಲಿ-ವಡೆ ನನ್ನ ಲೆಕ್ಕದಲ್ಲಿ.

ಕಾಣದಿದ್ದರೂ ಪಟ್ಟಿ ಕಳಿಸಿ. ನೋಡಿದ ಎಲ್ಲ ಹಕ್ಕಿಗಳ ಪೂರ್ತಿ ಪಟ್ಟಿ ಕೊಟ್ಟಾಗಲೇ ಯಾವುದು ಅಲ್ಲಿ ಕಾಣಲಿಲ್ಲ ಎಂಬುದೂ ದಾಖಲಾಗುತ್ತದೆ. ತಾನ್ಸಾಕ್ಕೆ ನಾನು ಹೋದದ್ದು ಎರಡು ಸಲ. ಎರಡು ಸಲವೂ ಪಟ್ಟಿಯಲ್ಲಿ ಪಿಕಳಾರ, ಕಾಜಾಣ, ಕುಟುರ, ಮಟಪಕ್ಷಿ, ಕೊನೆಯಲ್ಲಿ ಹಾಲಕ್ಕಿ ಎರಡು. ನೆತ್ತಿಯ ತುಂಬ ಚುಕ್ಕೆ.